ಹೊಸ ಕಂಪ್ಯೂಟರಿನೊಳಗೆ ಹಳೇ ಎಕ್ಸ್‌ಪಿ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನನ್ನದು ಡಿಟಿಪಿ ಅಂಗಡಿ. ಹಳೇ ಗಿರಾಕಿಗಳ ಲಗ್ನಪತ್ರಿಕೆಗಳೆಲ್ಲ ಪೇಜ್‌ಮೇಕರ್ 7 ಅನ್ನೋ ಹಳೇ ಪುಟವಿನ್ಯಾಸದ ಸಾಫ್ಟ್‌ವೇರ್‌ನಲ್ಲಿ, ನುಡಿ ಅನ್ನೋ ಕನ್ನಡ ಫಾಂಟ್‌ನಲ್ಲಿವೆ. ಅವನ್ನು ತೆರೆಯೋಕೆ ವರ್ಚುಯಲ್‌ಬಾಕ್ಸ್‌ನಲ್ಲಿ (ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ಸಾಫ್ಟ್‌ವೇರ್) ವಿಂಡೋಸ್ ಎಕ್ಸ್‌ಪಿ ಇಟ್ಟುಕೊಂಡಿದ್ದೇನೆ. ನಿಮಗೂ ಬೇಕಾದರೆ ಹೀಗೆ ಮಾಡಿ.

ನಿಮ್ಮ ಹಳೇ ಎಕ್ಸ್‌ಪಿ ಸಿಡಿಯಿಂದ ಐಎಸ್‌ಒ ಫೈಲ್, ಅಂದರೆ ಇಡೀ ಸಿಡಿಯ ನಕಲಿನ ಫೈಲ್, ಮಾಡಿಕೊಳ್ಳಿ. ಸಿಡಿ ಕೀ ಕೈಯಲ್ಲಿರಲಿ. ವರ್ಚುಯಲ್‌ಬಾಕ್ಸ್‌ನಲ್ಲಿ ಹೊಸ ಮಷೀನ್ (ಒಳಗಿನ ಕಂಪ್ಯೂಟರ್) ಮಾಡುವಾಗ 32 ಬಿಟ್ ಎಕ್ಸ್‌ಪಿ ಆರಿಸಿ. 512 ಎಂಬಿ ರ್‍ಯಾಮ್, 10 ಜಿಬಿ ಡಿಸ್ಕ್ ಧಾರಾಳವಾಯಿತು. ಜಾಸ್ತಿ ಕೊಟ್ಟರೆ ಸುಮ್ನೆ ದಂಡ.

ಜನ ಎಡವೋದು ಸ್ಟೋರೇಜ್ ಸೆಟ್ಟಿಂಗ್‌ನಲ್ಲಿ. ಡಿಸ್ಕನ್ನು ಸಾಟಾಗೆ (ಡಿಸ್ಕ್ ಜೋಡಿಸುವ ಹೊಸ ಬಗೆ) ಹಾಕಿದರೆ ಎಕ್ಸ್‌ಪಿಗೆ ಅದು ಕಾಣುವುದೇ ಇಲ್ಲ. ಅದರ ಡ್ರೈವರ್ ಸಿಡಿಯಲ್ಲಿಲ್ಲ. ನೀಲಿ ಪರದೆ ಬರುತ್ತದೆ, ಇಲ್ಲವೇ ಹಾರ್ಡ್ ಡಿಸ್ಕೇ ಇಲ್ಲ ಅನ್ನುತ್ತದೆ. ಹಳೇ ಬಗೆಯ ಐಡಿಇ ಕಂಟ್ರೋಲರ್‌ಗೆ ಹಾಕಿ, ಅದರ ಟೈಪ್‌ನಲ್ಲಿ ಪಿಐಐಎಕ್ಸ್4 ಆರಿಸಿ.

ಆಮೇಲೆ ಐಎಸ್‌ಒ ಫೈಲನ್ನು ಮಷೀನಿನ ಸಿಡಿ ಡ್ರೈವ್‌ಗೆ ಹಾಕಿ ಶುರು ಮಾಡಿ. ಎಕ್ಸ್‌ಪಿ ಸೆಟಪ್ ಬಂದಾಗ ಎಂಟರ್, ಎಫ್8, ಮತ್ತೆ ಎಂಟರ್ ಒತ್ತಿ. ಫಾರ್ಮ್ಯಾಟ್‌ಗೆ ಎನ್‌ಟಿಎಫ್‌ಎಸ್ ಕ್ವಿಕ್ ಅನ್ನೋ ಆಯ್ಕೆ ಸಾಕು. ರೀಸ್ಟಾರ್ಟ್ ಆದಾಗ ಸಿಡಿಯಿಂದ ಶುರು ಮಾಡಲು ಕೀ ಒತ್ತಿ ಅನ್ನುತ್ತದೆ. ಒತ್ತಬೇಡಿ! ಒತ್ತಿದರೆ ಮತ್ತೆ ಮೊದಲಿಂದ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ಗೇ ನಿಂತಿದೆ, ಅಲ್ವಾ? ಹಾಗಾಗಿ ಸುರಕ್ಷತೆಗೆ ಆ ಮಷೀನಿನ ನೆಟ್‌ವರ್ಕ್ ಬಂದ್ ಮಾಡಿಡಿ. ವರ್ಚುಯಲ್‌ಬಾಕ್ಸ್‌ನದೇ ಗೆಸ್ಟ್ ಅಡಿಷನ್ಸ್ ಅನ್ನೋ ಸಾಫ್ಟ್‌ವೇರನ್ನು ಎಕ್ಸ್‌ಪಿಯೊಳಗೆ ಹಾಕಿದರೆ ಶೇರ್ಡ್ ಫೋಲ್ಡರ್ ಮೂಲಕ ಫೈಲ್ ಆಚೀಚೆ ಹೋಗುತ್ತವೆ. ಪೇಜ್‌ಮೇಕರ್, ನುಡಿ ಹಾಕಿದ ಮೇಲೆ ಒಂದು ಸ್ನ್ಯಾಪ್‌ಶಾಟ್, ಅಂದರೆ ಮಷೀನಿನ ಆಗಿನ ಸ್ಥಿತಿಯ ನಕಲು, ತೆಗೆದಿಡಿ.

ಬೇಸಿಗೆಯಲ್ಲಿ ನಮ್ಮೂರಿನ ಕರೆಂಟ್ ಗೊತ್ತೇ ಇದೆಯಲ್ಲ. ಯುಪಿಎಸ್ ಕೂಗಿದ ಕೂಡಲೇ ಮಷೀನ್ ಮುಚ್ಚುವಾಗ ‘ಸೇವ್ ಸ್ಟೇಟ್’ ಆರಿಸಿ. ಪುಟ ಬಿಟ್ಟಲ್ಲೇ ಸಿಗುತ್ತದೆ.