ಮಲೆನಾಡಿನ ಮಾಡಿಗೆ ಉಕ್ಕು: ನನ್ನ ಅನುಭವ

ತೀರ್ಥಹಳ್ಳಿ, ಹೊಸನಗರದ ಕಡೆ ಮನೆ ಕಟ್ಟಿಸುವ ಗುತ್ತಿಗೆ ನನ್ನದು. ಮರದ ಪಕಾಸಿ, ರೀಪುಗಳ ಬದಲು ಉಕ್ಕಿನ ಚೌಕಟ್ಟು ಮಾಡಿಸಿ, ಬಣ್ಣದ ತಗಡು ಹೊದಿಸಿಕೊಳ್ಳಿ ಎಂದು ಮನೆಯವರನ್ನು ಒಪ್ಪಿಸಬೇಕಾದಾಗ ನಾನು ಉಕ್ಕಿನ ಬಲದ ಮಾತೆತ್ತುವುದಿಲ್ಲ, ಏಕೆಂದರೆ ಅದರಲ್ಲಿ ಯಾರಿಗೂ ಸಂಶಯವಿಲ್ಲ. ಒಳ್ಳೆಯ ಮರ ಸಿಗದಿರುವುದು, ಸಿಕ್ಕರೂ ಗೆದ್ದಲು ಬಿಡದಿರುವುದು, ಮಂಗಗಳು ಹೆಂಚು ಒಡೆಯುವುದು, ಮಳೆಗಾಲಕ್ಕೆ ಮುಂಚೆ ಮಾಡು ಸರಿಪಡಿಸಲು ಆಳು ಬಾರದಿರುವುದು, ಇವೆಲ್ಲ ಅವರೇ ಹೇಳಿಕೊಳ್ಳುವ ಕಷ್ಟಗಳು. ಆದರೂ ಹಿಂಜರಿಯುತ್ತಾರೆ. "ಶೀಟು ಹಾಕಿದರೆ ಮಳೆಗೆ ಮಾತು ಕೇಳುವುದಿಲ್ಲ, ಬೇಸಿಗೆಗೆ ಒಳಗೆ ಕೂರಲಾಗುವುದಿಲ್ಲ ಮಾರಾಯರೇ" ಎನ್ನುತ್ತಾರೆ. ಅವರು ಕಂಡಿರುವ ತಗಡಿನ ಮಾಡುಗಳೆಲ್ಲ ಹಾಗೆಯೇ ಇರುವುದರಿಂದ ಆ ಮಾತನ್ನು ತಳ್ಳಿಹಾಕುವಂತಿಲ್ಲ.

ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆ ನಮಗೆ ಹತ್ತಿರ. ಬರಿಯ ತಗಡಿನ ಮೇಲೆ ಆ ಮಳೆ ಹೊಯ್ದರೆ ಸದ್ದು ತಾಳಲಾಗದು. ಆದ್ದರಿಂದ ವಾಸದ ಮನೆಗೆ ತಗಡಿನ ಕೆಳಗೆ 50 ಮಿಲಿಮೀಟರಿನ ಗ್ಲಾಸ್ ವುಲ್ (ಗಾಜಿನ ಎಳೆಗಳ ಉಣ್ಣೆಯಂಥ ಹಾಸು), ಅದರ ಕೆಳಗೆ ಗಾಳಿಗೆ ಜಾಗ, ಆಮೇಲೆ ಮರದ ಅಥವಾ ಬೋರ್ಡಿನ ಮುಚ್ಚಿಗೆ ಇಲ್ಲದೆ ನಾನು ಕೆಲಸ ಒಪ್ಪಿಕೊಳ್ಳುವುದಿಲ್ಲ. ಉಣ್ಣೆ ತಗಡಿಗೆ ತಾಗಿಯೇ ಇದ್ದರೆ ಅದರ ಅದುರುವಿಕೆ ಅಡಗಿ ಸದ್ದು ಬಹಳ ತಗ್ಗುತ್ತದೆ. ಬಿಸಿಲಿನ ಶಾಖಕ್ಕೂ ಅದೇ ತಡೆ. ಈ ಖರ್ಚು ಉಳಿಸಬೇಕೆನ್ನುವವರಿಗೆ ಹೆಂಚೇ ಮೇಲು ಎಂದು ನೇರವಾಗಿ ಹೇಳಿಬಿಡುತ್ತೇನೆ.

ಹೆಂಚಿನ ಮಾಡು ಚದರ ಮೀಟರಿಗೆ ಸುಮಾರು 40 ಕಿಲೋ ತೂಗುತ್ತದೆ. ಅರ್ಧ ಮಿಲಿಮೀಟರಿನ ತಗಡು 5 ಕಿಲೋ ಆಸುಪಾಸು. ಹಗುರವೆಂದು ಎಲ್ಲರೂ ಹೊಗಳುವ ಈ ಗುಣವೇ ಮಳೆಗಾಲದ ಹೊಸ್ತಿಲಿನ ಗಾಳಿಗೆ ಅಪಾಯ ತರುತ್ತದೆ. ಹೆಂಚಿನ ಮಾಡನ್ನು ಹೊತ್ತು ನಿಲ್ಲಿಸುವ ಚಿಂತೆಯಾದರೆ, ತಗಡಿನ ಮಾಡನ್ನು ಹಿಡಿದು ಕೂರಿಸುವ ಚಿಂತೆ. ಹೀಗಾಗಿ ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಆಂಕರ್ ಬೋಲ್ಟನ್ನು ಗೋಡೆಯ ಕಲ್ಲಿಗೆ ಬಿಡದೆ, ಗೋಡೆಯ ತಲೆಯ ಮೇಲೆ ಸುತ್ತಲೂ ಹಾಕುವ ಕಾಂಕ್ರೀಟ್ ಬೆಲ್ಟಿನೊಳಗೆ ಇಳಿಸುತ್ತೇನೆ. ಸೂರಿನಂಚಿನಲ್ಲೂ ಮಾಡಿನ ತುದಿಯಲ್ಲೂ ಸ್ಕ್ರೂಗಳನ್ನು ಒತ್ತೊತ್ತಾಗಿ ಕೊಡಿಸುತ್ತೇನೆ.

ಸೋರಿಕೆಯ ಮೂಲ ಹೆಚ್ಚಾಗಿ ಸ್ಕ್ರೂ. ಅದನ್ನು ತಗಡಿನ ಏಣಿನ (ಉಬ್ಬಿದ ಮಡಿಕೆಯ) ಮೇಲೆ ನೇರವಾಗಿ ಇಳಿಸಬೇಕು. ರಬ್ಬರಿನ ವಾಷರ್ ಲೋಹದ ಬಿಲ್ಲೆಯ ಅಂಚಿನಿಂದ ಕೂದಲೆಳೆಯಷ್ಟು ಉಬ್ಬಿದಾಗ ನಿಲ್ಲಿಸಬೇಕು. ಇನ್ನೂ ಬಿಗಿದರೆ ರಬ್ಬರು ಹಿಸುಕಿ ಹೊರಬಂದು ಬಿಸಿಲಿಗೆ ಬಿರಿಯುತ್ತದೆ, ಏಣು ತಗ್ಗಿ ನೀರು ಅಲ್ಲೇ ನಿಲ್ಲುತ್ತದೆ. ತಗಡನ್ನು ಗ್ರೈಂಡರಿನಲ್ಲಿ ಕತ್ತರಿಸಲೂ ನಾನು ಯಾರಿಗೂ ಬಿಡುವುದಿಲ್ಲ: ಕಿಡಿಗೆ ಲೇಪ ಸುಡುತ್ತದೆ, ಮೇಲೆ ಉಳಿದ ಕಬ್ಬಿಣದ ಪುಡಿ ಒಂದೇ ಮಳೆಗೆ ತುಕ್ಕಿನ ಚುಕ್ಕೆಯಾಗುತ್ತದೆ. ಕತ್ತರಿಯಲ್ಲೇ ಕತ್ತರಿಸಿ, ಸಂಜೆ ಇಳಿಯುವ ಮುನ್ನ ಮಾಡು ಗುಡಿಸಿ ಇಳಿಯಬೇಕೆಂಬುದು ನಮ್ಮ ಹುಡುಗರಿಗೆ ಕಟ್ಟುನಿಟ್ಟು. ಚೌಕಟ್ಟಿಗೆ ಬಳಸುವ ಚೌಕ ಕೊಳವೆಗಳ ಬಾಯಿಯನ್ನು ವೆಲ್ಡ್ ಮಾಡಿ ಮುಚ್ಚದಿದ್ದರೆ ತೇವ ಒಳಹೊಕ್ಕು, ಹೊರಗೆ ಬಣ್ಣ ಹೊಳೆಯುತ್ತಿರುವಾಗಲೇ ಒಳಗಿನಿಂದ ತಿನ್ನುತ್ತದೆ.

ದನದ ಕೊಟ್ಟಿಗೆಗೆ ಮಾತ್ರ ಅಲ್ಯುಮಿನಿಯಂ–ಸತುವಿನ ಲೇಪದ ತಗಡನ್ನು ನಾನು ಸೂಚಿಸುವುದಿಲ್ಲ. ಅಲ್ಲಿನ ಗಂಜಳದಿಂದ ಏಳುವ ಅಮೋನಿಯಾ ಅನಿಲ ಆ ಲೇಪಕ್ಕೆ ಆಗದು. ತಯಾರಕರ ಖಾತರಿಯೂ ಸಾಮಾನ್ಯವಾಗಿ ಅಂಥ ಕಟ್ಟಡಗಳನ್ನು ಹೊರಗಿಡುತ್ತದೆ. ಕೊಟ್ಟಿಗೆಗೆ ಉಕ್ಕಿನ ಚೌಕಟ್ಟಿನ ಮೇಲೆ ಹೆಂಚನ್ನೇ ಹೊದಿಸುತ್ತೇನೆ. ಗಂಜಳ ತಾಗದಂತೆ ಕಂಬಗಳ ಬುಡವನ್ನು ಮೊಣಕಾಲೆತ್ತರದ ಕಾಂಕ್ರೀಟಿನ ಮೇಲೆ ನಿಲ್ಲಿಸುತ್ತೇನೆ.

ಕೊನೆಗೆ ಉಳಿಯುವುದು ಬೆಲೆಯ ಮಾತು. 0.5 ಮಿಲಿಮೀಟರ್ ಎಂದು ಮಾರುವ ತಗಡಿನಲ್ಲಿ ಆ ಅಳತೆ ಲೇಪ, ಬಣ್ಣ ಸೇರಿಯೋ ಬರಿಯ ಉಕ್ಕಿನದೋ ಎಂದು ಕೇಳುವವರು ಕಡಿಮೆ. ಲೇಪ, ಬಣ್ಣ ಕಳೆದರೆ ಉಕ್ಕು ಸುಮಾರು 0.45 ಮಾತ್ರ ಇರಬಹುದು. ನನ್ನ ಅಂದಾಜು ಪಟ್ಟಿಯಲ್ಲಿ ಎರಡೂ ಅಳತೆಗಳನ್ನು, ಲೇಪದ ತೂಕವನ್ನು, ಚೌಕಟ್ಟಿನ ಒಟ್ಟು ಕಿಲೋವನ್ನು ಬರೆದು ಕೊಡುತ್ತೇನೆ. ಅನುಮಾನವಿದ್ದವರು ಲಾರಿಯನ್ನು ವೇ ಬ್ರಿಡ್ಜಿನ ಮೇಲೆ ಹತ್ತಿಸಿ ತೂಕ ನೋಡಿಕೊಳ್ಳಬಹುದು, ತಗಡಿನ ದಪ್ಪ ಅಳೆಯುವ ಮೈಕ್ರೋಮೀಟರಂತೂ ನನ್ನ ಚೀಲದಲ್ಲೇ ಇರುತ್ತದೆ.