ತಾಲೂಕು ಕಚೇರಿಯ ಅಭಿಲೇಖಾಲಯ: ಪಟ್ಟಿ ಮೊದಲು, ರ್ಯಾಕು ಆಮೇಲೆ

ತಾಲೂಕು ಕಚೇರಿಗೆ ಬರುವ ರೈತರು ಕಡತದ ನಂಬರು ಹಿಡಿದುಕೊಂಡು ಬರುವುದಿಲ್ಲ. “ಉತಾರದಾಗ ನಮ್ಮಜ್ಜನ ಹೆಸರು ಬಿಟ್ಟೈತ್ರೀ ಸಾಹೇಬ್ರ, ಹಳೇ ಕಾಗದಾ ತಗದು ನೋಡ್ರಿ” ಅನ್ನುತ್ತಾರೆ. ಉತಾರ ಅಂದರೆ ಪಹಣಿ. ಅವರಿಗೆ ಗೊತ್ತಿರುವುದು ಊರು, ಸರ್ವೆ ನಂಬರು, ಅಂದಾಜು ಇಸವಿ. ಆ ಮೂರು ಹೇಳಿದರೆ ಕಡತ ಸಿಗುವಂತಿರಬೇಕು. ಗದಗ ಜಿಲ್ಲೆಯ ಒಂದು ತಾಲೂಕಿನಲ್ಲಿ ಅಭಿಲೇಖಾಲಯವನ್ನು, ಅಂದರೆ ಹಳೆಯ ದಾಖಲೆಗಳ ಕೊಠಡಿಯನ್ನು, ಹೊಸದಾಗಿ ಜೋಡಿಸುವಾಗ ನಾವು ಈ ಮಾತನ್ನೇ ಬುನಾದಿಯಾಗಿ ಹಿಡಿದೆವು. ರ್ಯಾಕು, ಕೊಠಡಿ, ಸ್ಕ್ಯಾನರ್ ಎಲ್ಲವೂ ಬೇಕು. ಆದರೆ ಪಟ್ಟಿಯಿಲ್ಲದೆ ಅವನ್ನು ತಂದರೆ ಹಳೆಯ ಗೊಂದಲವೇ ಹೊಸ ಕಬ್ಬಿಣದ ಮೇಲೆ ಹೋಗಿ ಕೂರುತ್ತದೆ.

ಜಾಗ ಸಾಲದು ಎಂದು ಪತ್ರ ಬರೆಯುವ ಮೊದಲು ಕೊಠಡಿಯಲ್ಲಿ ದಾಖಲೆಯಲ್ಲದ್ದು ಎಷ್ಟಿದೆ ನೋಡಬೇಕು. ಮುರಿದ ಕುರ್ಚಿ, ಕೆಟ್ಟ ಕಂಪ್ಯೂಟರ್, ಚುನಾವಣೆಯ ಖಾಲಿ ಪೆಟ್ಟಿಗೆ, ಅಚ್ಚಾಗಿ ಬಳಕೆಯಾಗದ ನಮೂನೆಗಳ ಕಟ್ಟು, ಇವೆಲ್ಲ ಸೇರುವುದು ಇಲ್ಲಿಗೇ. ಇವುಗಳಿಗೆ ಬೇರೆ ಯಾದಿ ಮಾಡಿ, ಅನುಪಯುಕ್ತವೆಂದು ಘೋಷಿಸಿ, ಹರಾಜಿಗೆ ಕಳಿಸಿದರೆ ಅರ್ಧ ಕೊಠಡಿ ಬಿಡುವಾಗುತ್ತದೆ. ಹೊಸ ಕಟ್ಟಡದ ಪ್ರಸ್ತಾವನೆ ಬರೆಯುವುದಿದ್ದರೂ ಆಮೇಲೆ ಬರೆಯುವುದು ಒಳ್ಳೆಯದು. ಬೇಕಾದ ಅಳತೆ ಆಗಲೇ ಸರಿಯಾಗಿ ಗೊತ್ತಾಗುತ್ತದೆ.

ನಂತರ ಧೂಳು. ರ್ಯಾಕಿನ ಮೇಲಿನ ತಟ್ಟೆಯಿಂದ ಕೆಳಕ್ಕೆ, ಮೆತ್ತನೆಯ ಬ್ರಷ್‌ನಿಂದ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ತೆಗೆಯಬೇಕು. ಒದ್ದೆ ಬಟ್ಟೆ ಸುತರಾಂ ಬೇಡ, ಹಳೆಯ ಶಾಯಿ ಹರಡುತ್ತದೆ. ಈ ಹಂತದಲ್ಲಿ ಕಟ್ಟು ಬಿಚ್ಚಬಾರದು. ಹೋಬಳಿವಾರು, ಹೋಬಳಿಯೊಳಗೆ ಗ್ರಾಮವಾರು ರಾಶಿ ಮಾಡುವುದಷ್ಟೇ ಕೆಲಸ. ಗ್ರಾಮ ತಿಳಿಯದ್ದನ್ನು ಬೇರೆ ಇಡಬೇಕು. ಊಹಿಸಿ ಯಾವುದೋ ಊರಿನ ರಾಶಿಗೆ ಹಾಕಿದರೆ ಆ ಕಾಗದ ಕಳೆದುಹೋದಂತೆಯೇ.

ನಮ್ಮ ಭಾಗದಲ್ಲಿ ಕಟ್ಟುಗಳು ಕಲಸಿಹೋಗಲು ಇತಿಹಾಸವೂ ಕಾರಣ. 1956ರವರೆಗೆ ಇದು ಮುಂಬಯಿ ಆಡಳಿತದ ಪ್ರದೇಶ, 1997ರವರೆಗೆ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯೊಳಗೆ. ಅದಕ್ಕೂ ಹಿಂದೆ ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮೀರಜಿಗೆ, ಕುಂದಗೋಳ ಜಮಖಂಡಿಗೆ ಸೇರಿದ್ದವು. ಹೀಗಾಗಿ ಪಕ್ಕಪಕ್ಕದ ಊರುಗಳ ಹಳೆಯ ವಹಿಗಳೇ ಬೇರೆ ಬೇರೆ ನಮೂನೆಯಲ್ಲಿವೆ, ಕೆಲವು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆ. ಓದಲು ಬಾರದ ಕಾಗದ ಎಂದು ಮೋಡಿ ದಾಖಲೆಯನ್ನು ಮೂಲೆಗೆ ತಳ್ಳುವುದೇ ದೊಡ್ಡ ಹಾನಿ. ಅದನ್ನು ಪ್ರತ್ಯೇಕ ರುಮಾಲಿನಲ್ಲಿ (ಕಡತ ಸುತ್ತುವ ಬಟ್ಟೆ) ಕಟ್ಟಿ, ಸಿಕ್ಕ ಜಾಗದ ರ್ಯಾಕ್ ನಂಬರು ಬರೆದು, ಬಲ್ಲವರು ಓದಿ ಹೇಳುವವರೆಗೆ ಶಾಶ್ವತ ದಾಖಲೆಯೆಂದೇ ಕಾಪಾಡಬೇಕು. ತಾಲೂಕು ಒಡೆದಾಗಲೂ ಇದೇ ಎಚ್ಚರ ಬೇಕು. ಹೊಸ ತಾಲೂಕಿಗೆ ಹೋಗುವ ಪ್ರತಿ ಕಡತಕ್ಕೆ ಮೂರು ಪ್ರತಿಗಳ ಯಾದಿ ಇರಲಿ. ಕೊಟ್ಟವರಿಗೊಂದು, ತೆಗೆದುಕೊಂಡವರಿಗೊಂದು, ಜಿಲ್ಲಾಧಿಕಾರಿ ಕಚೇರಿಗೊಂದು.

ಪಟ್ಟಿಯ ವಹಿಗೆ ನಾವು ಇಟ್ಟುಕೊಂಡ ಕಲಂಗಳು ಇವು: ರ್ಯಾಕು, ತಟ್ಟೆ, ಕಟ್ಟು, ಗ್ರಾಮ, ಸರ್ವೆ ನಂಬರು, ಕಡತ ಸಂಖ್ಯೆ ಮತ್ತು ವಿಷಯ, ಮುಕ್ತಾಯವಾದ ವರ್ಷ, ಒಟ್ಟು ಪುಟ, ವರ್ಗ. ಪುಟ ಸಂಖ್ಯೆಯನ್ನು ಪೆನ್ಸಿಲ್‌ನಲ್ಲಿ ಬಲ ಮೇಲ್ತುದಿಗೆ ಹಾಕಬೇಕು, ಟಿಪ್ಪಣಿ ಹಾಳೆಗೆ ಬೇರೆ ಸರಣಿ, ಪತ್ರವ್ಯವಹಾರಕ್ಕೆ ಬೇರೆ. ಇದು ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಭೂ ನ್ಯಾಯಮಂಡಳಿಯ ಕಡತದಲ್ಲಿ ನಮೂನೆ 7 (ಗೇಣಿದಾರರು ಹಕ್ಕು ಕೇಳಿ ಕೊಟ್ಟ ಅರ್ಜಿ) ಇದ್ದು ಆದೇಶದ ಹಾಳೆ ಇಲ್ಲದಿದ್ದರೆ, ಅದು ನಿನ್ನೆ ಹೋಯಿತೋ ಮೂವತ್ತು ವರ್ಷದ ಹಿಂದೆ ಹೋಯಿತೋ ಹೇಳಲು ಪುಟಸಂಖ್ಯೆ ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ. ತೆಳು ಕಡತಗಳಾದರೆ ಇಬ್ಬರ ಜೋಡಿ ದಿನಕ್ಕೆ 50-60 ಮುಗಿಸುತ್ತದೆ. ಒಬ್ಬರು ಪುಟ ಎಣಿಸಬೇಕು, ಇನ್ನೊಬ್ಬರು ಬರೆಯಬೇಕು. ಒಬ್ಬರೇ ಎರಡನ್ನೂ ಮಾಡಿದರೆ ಸಂಜೆಯ ಹೊತ್ತಿಗೆ ಎಣಿಕೆ ತಪ್ಪುತ್ತದೆ.

ವರ್ಗೀಕರಣ ಎಲ್ಲರಿಗೂ ಗೊತ್ತಿದ್ದದ್ದೇ: ಎ ಶಾಶ್ವತ, ಬಿ 30 ವರ್ಷ, ಸಿ 10, ಡಿ 5, ಇ 1 ವರ್ಷ. ಎಡವುವುದು ಎರಡು ಕಡೆ. ಅವಧಿಯನ್ನು ಕಡತ ತೆರೆದ ವರ್ಷದಿಂದ ಎಣಿಸುತ್ತಾರೆ, ಎಣಿಸಬೇಕಾದದ್ದು ಮುಕ್ತಾಯದಿಂದ. ಮತ್ತೆ, ವರ್ಗವೇ ಬರೆಯದ ಹಳೆಯ ಕಡತವನ್ನು ಗುಮಾಸ್ತರು ತಾವೇ ನೋಡಿ ಡಿ ಎಂದು ಬರೆದುಬಿಡುತ್ತಾರೆ. ನಾವು ಅಂಥದ್ದನ್ನೆಲ್ಲ ಎ ಎಂದೇ ಹಿಡಿದು, ಆಯಾ ಶಾಖೆಯ ಶಿರಸ್ತೇದಾರರು ಸಹಿ ಹಾಕಿ ಇಳಿಸಿದರೆ ಮಾತ್ರ ಇಳಿಸಿದೆವು. ನ್ಯಾಯಾಲಯದ ದಾವೆ, ಆಡಿಟ್ ಆಕ್ಷೇಪಣೆ, ಮಾಹಿತಿ ಹಕ್ಕಿನ ಮೇಲ್ಮನವಿ ಬಾಕಿಯಿದ್ದರೆ ಅವಧಿ ಮುಗಿದರೂ ಕಡತ ನಾಶಪಡಿಸುವಂತಿಲ್ಲ. ನಾಶದ ಪಟ್ಟಿಯೇ ಒಂದು ಶಾಶ್ವತ ದಾಖಲೆ. ಇನ್ನು ರದ್ದಿಗೆ ಹಾಕುವುದು ಬೇಡವೇ ಬೇಡ, ಚೂರು ಮಾಡಿಸಬೇಕು. ಜಾತಿ, ಆದಾಯ, ಕುಟುಂಬದ ವಿವರವಿರುವ ಅರ್ಜಿಗಳಲ್ಲಿ ಮಿರ್ಚಿ ಭಜಿ ಕಟ್ಟಿಕೊಡುವುದು ಜನರಿಗೆ ಮಾಡುವ ದ್ರೋಹ.

ಈಗ ರ್ಯಾಕು. ರುಮಾಲಿನ ಕಟ್ಟಿಗೆ 18 ಇಂಚು ಆಳ, ತಟ್ಟೆಗಳ ನಡುವೆ 15 ಇಂಚು ಸಾಕು. ಕೆಳತಟ್ಟೆ ನೆಲದಿಂದ 6 ಇಂಚು ಮೇಲಿರಲಿ, ಹಿಂಬದಿ ಗೋಡೆಯಿಂದ 6 ಇಂಚು ದೂರವಿರಲಿ, ನಡುವಿನ ಓಣಿ ಎರಡೂವರೆ ಅಡಿಗಿಂತ ಕಡಿಮೆ ಬೇಡ. ಒತ್ತಾಗಿ ತುಂಬಿದ ಒಂದು ಮೀಟರ್ ತಟ್ಟೆಯ ಮೇಲೆ 40-50 ಕೆಜಿ ಕಾಗದ ಕೂರುತ್ತದೆ. ತೆಳು ತಗಡಿನ ತಟ್ಟೆ ಒಂದೇ ವರ್ಷದಲ್ಲಿ ಬಾಗುತ್ತದೆ, 18 ಗೇಜಿನದು ನಿಲ್ಲುತ್ತದೆ. ಗಾಲಿಯ ಮೇಲೆ ಸರಿಯುವ ರ್ಯಾಕು, ಅಂದರೆ ಕಂಪ್ಯಾಕ್ಟರ್, ಜಾಗ ಉಳಿಸುವುದು ನಿಜ. ಆದರೆ ರ್ಯಾಕುಗಳ ನಡುವೆ ಕಾಯಂ ಓಣಿಗಳಿಲ್ಲದ್ದರಿಂದ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ. ಕಚೇರಿ ಕೊಠಡಿಯ ತಳವನ್ನು ಚದರ ಮೀಟರಿಗೆ 250ರಿಂದ 400 ಕೆಜಿಗೆ, ದಾಖಲೆ ಕೊಠಡಿಯನ್ನು 500 ಕೆಜಿಗೆ ಲೆಕ್ಕ ಹಿಡಿಯುತ್ತಾರೆ. ಮಹಡಿ ಮೇಲಿನ ಸಾಮಾನ್ಯ ಕೊಠಡಿಯಲ್ಲಿ ಕಂಪ್ಯಾಕ್ಟರ್ ಇಡಿಸುವ ಮುಂಚೆ ಲೋಕೋಪಯೋಗಿ ಎಂಜಿನಿಯರರಿಂದ ಬರಹದಲ್ಲಿ ಅಭಿಪ್ರಾಯ ಪಡೆಯಲೇಬೇಕು.

ಎರೆಭೂಮಿಯ ಊರುಗಳಲ್ಲಿ ಬೇಸಿಗೆಗೆ ನೆಲ ಬಿರಿದು ಗೋಡೆ ಸೀಳುತ್ತದೆ, ಆ ಸೀಳಿನಲ್ಲೇ ಒರಲೆ ಹತ್ತುತ್ತದೆ. ಮಳೆಗಾಲಕ್ಕೆ ಮುಂಚೆ ಸೀಳು ಮುಚ್ಚಿಸಿ, ಮಾಳಿಗೆಯ ನೀರಿನ ಕೊಳವೆ ಸ್ವಚ್ಛ ಮಾಡಿಸಬೇಕು. ರುಮಾಲಿಗೆ ಬಣ್ಣವಿಲ್ಲದ ಖಾದಿ ಮೇಲು, ಕೆಂಪು ಬಟ್ಟೆ ನೆನೆದರೆ ಬಣ್ಣ ಕಾಗದಕ್ಕೆ ಇಳಿಯುತ್ತದೆ. ಹೊಸ ಬಟ್ಟೆಯ ಗಂಜಿಯನ್ನು ಒಗೆದು ತೆಗೆಯಬೇಕು, ಗಂಜಿಗೆ ಬೆಳ್ಳಿಹುಳ ಬರುತ್ತದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಹರಿದ ಹಾಳೆಗೆ ಸೆಲ್ಲೋಟೇಪ್ ಹಚ್ಚಬಾರದು. ನೆನೆದ ಕಟ್ಟನ್ನು ಬಿಸಿಲಿಗೆ ಹರವದೆ, ಬರೆಯದ ಬಿಳಿ ಹಾಳೆ ನಡುನಡುವೆ ಇಟ್ಟು ಫ್ಯಾನಿನ ಗಾಳಿಗೆ ಒಣಗಿಸಬೇಕು. ಎರಡು ದಿನ ತಡವಾದರೆ ಬೂಷ್ಟು ಶುರು.

ಸಿಬ್ಬಂದಿ ಇಲ್ಲದೆ ಇದಾವುದೂ ನಿಲ್ಲದು. ಅಭಿಲೇಖಾಲಯದ ದ್ವಿತೀಯ ದರ್ಜೆ ಸಹಾಯಕರಿಗೆ ಬೇರೆ ಎರಡು ಶಾಖೆಗಳ ಪ್ರಭಾರ ಹೊರಿಸಿದರೆ ಕೀಲಿ ಎಲ್ಲರ ಕೈಗೂ ಹೋಗುತ್ತದೆ. ಚುನಾವಣೆ ಬಂತೆಂದರೆ ಅವರೂ ನಿಯೋಜನೆಗೆ. ಅದಕ್ಕೇ ಕೊಠಡಿ ಬಲ್ಲವರು ಇಬ್ಬರಿರಬೇಕು. ಕಡತ ತೆಗೆಯುವುದು ದಿನಕ್ಕೆ ಎರಡೇ ಹೊತ್ತು, ಬೆಳಿಗ್ಗೆ 11ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ. ನಡುವಿನ ಹೊತ್ತು ಪಟ್ಟಿಗೆ, ಜೋಡಣೆಗೆ. ಹೋಬಳಿವಾರು ಸರದಿಯಲ್ಲಿ ತಲಾಟಿಗಳನ್ನು (ಗ್ರಾಮ ಆಡಳಿತ ಅಧಿಕಾರಿಗಳು) ವಾರಕ್ಕೊಮ್ಮೆ ಕೂರಿಸಿಕೊಂಡದ್ದು ಬಹಳ ಅನುಕೂಲವಾಯಿತು. ತಮ್ಮ ಊರಿನ ಮನೆತನದ ಅಡ್ಡಹೆಸರು, ಹಿಸ್ಸಾ ಒಡೆದ ಹೊಲ ಅವರಿಗೆ ಗೊತ್ತಿರುವಷ್ಟು ಇನ್ನೊಬ್ಬರಿಗಿಲ್ಲ. ಕಡತ ಹೊರಗೆ ಹೋದ ಜಾಗದಲ್ಲಿ ದಪ್ಪ ರಟ್ಟಿನ ಬದಲಿ ಚೀಟಿ ಇಡಬೇಕು: ಯಾರಿಗೆ, ಯಾವ ದಿನ, ಎಷ್ಟು ಪುಟ. 15 ದಿನಕ್ಕೆ ವಾಪಸ್ಸಾಗದಿದ್ದರೆ ತಹಶೀಲ್ದಾರರ ವಾರದ ಸಭೆಗೆ ಆ ಚೀಟಿಗಳ ಪಟ್ಟಿ ಹೋಗುತ್ತದೆ. ಒರಲೆ ತಿಂದದ್ದಕ್ಕಿಂತ ವಿಷಯ ನಿರ್ವಾಹಕರ (ಕಡತ ನಡೆಸುವ ಗುಮಾಸ್ತರ) ಮೇಜಿನಡಿ ಉಳಿದುಹೋದ ಕಡತವೇ ಜಾಸ್ತಿ.

ಸ್ಕ್ಯಾನಿಂಗ್ ಕೊನೆಗೆ. ಕಂದಾಯ ಇಲಾಖೆಯ ಭೂಸುರಕ್ಷಾ ಯೋಜನೆಯಲ್ಲಿ ತಾಲೂಕು ದಾಖಲೆಗಳ ಸ್ಕ್ಯಾನಿಂಗ್ ನಡೆದಿರುವುದರಿಂದ ಪುಟ ಸಂಖ್ಯೆಯ ಕೆಲಸ ಇನ್ನೂ ತುರ್ತು. ಪಿನ್ನು ತೆಗೆದು, 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಮಾಡಿಸಿ, ಪರದೆಯ ಪುಟಗಳನ್ನು ವಹಿಯ ಎಣಿಕೆಗೆ ಬೇರೊಬ್ಬರು ತಾಳೆ ನೋಡಬೇಕು. ಹೊಲಿದ ಜನನ-ಮರಣ ವಹಿಯನ್ನು ಮಗುಚಿ ಒತ್ತಿದರೆ ಬೆನ್ನು ಮುರಿಯುತ್ತದೆ, ಮೇಲಿನಿಂದ ತೆಗೆಯುವ ಸ್ಕ್ಯಾನರ್ ಬೇಕು.

ಅಭಿಲೇಖಪಾಲರ ವರ್ಗಾವಣೆಯಾದಾಗ ಬರೀ ಕೀಲಿ ಕೊಟ್ಟರೆ ಪ್ರಭಾರ ಕೊಟ್ಟಂತಲ್ಲ. ಬರುವವರು ವಹಿಯಿಂದ ತಮಗೆ ತೋಚಿದ ಹತ್ತು ಸಾಲು ಆರಿಸಿ ಕಡತ ತೆಗೆಸಿ ಪುಟ ಎಣಿಸುತ್ತಾರೆ. ಒಂದು ಸಿಗದಿದ್ದರೂ ಆ ತಟ್ಟೆಯನ್ನು ಪೂರ್ತಿ ತಾಳೆ ನೋಡಿ, ಹೊರಗಿರುವ ಬದಲಿ ಚೀಟಿಗಳನ್ನು ಯಾದಿಗೆ ಸೇರಿಸಿ, ಆಮೇಲೆ ಇಬ್ಬರೂ ಸಹಿ ಮಾಡುತ್ತಾರೆ.