ಕೈಬರಹದ ಫಾಂಟ್‌ ಬಳಸುವ ಬಗೆ

ಕೈಬರಹದಂತೆ ಕಾಣುವ ಫಾಂಟ್‌ ಆರಿಸುವ ಮುನ್ನ, ಆ ಸಾಲನ್ನು ಯಾರಾದರೂ ನಿಜವಾಗಿ ಪೆನ್ನು ಹಿಡಿದು ಬರೆಯುತ್ತಿದ್ದರೇ ಎಂದು ಕೇಳಿಕೊಳ್ಳಬೇಕು. ಆಮಂತ್ರಣದ ಒಕ್ಕಣೆ, ಧನ್ಯವಾದದ ಚೀಟಿ, ಮಕ್ಕಳ ಪುಸ್ತಕದ ಸಂಭಾಷಣೆಗೆ ಅದು ಒಪ್ಪುತ್ತದೆ. ಔಷಧದ ಪ್ರಮಾಣಕ್ಕೂ ಒಪ್ಪಂದದ ಷರತ್ತಿಗೂ ಖಂಡಿತ ಬೇಡ. ಮೈಕ್ರೋಸಾಫ್ಟ್‌ನ ತಂತ್ರಾಂಶವೊಂದರಲ್ಲಿ ಕಾರ್ಟೂನ್‌ ನಾಯಿಯ ಮಾತು ಟೈಮ್ಸ್‌ ನ್ಯೂ ರೋಮನ್‌ ಎಂಬ ಗಂಭೀರ ಅಚ್ಚಕ್ಷರದ ಫಾಂಟ್‌ನಲ್ಲಿದ್ದುದು ಒಗ್ಗದೆ, ಫಾಂಟ್‌ ವಿನ್ಯಾಸಕ ವಿನ್ಸೆಂಟ್‌ ಕಾನೇರ್‌ 1994ರಲ್ಲಿ ಕಾಮಿಕ್‌ ಸ್ಯಾನ್ಸ್‌ ಎಂಬ ಕೈಬರಹದಂಥ ಫಾಂಟ್‌ ರೂಪಿಸಿದರು. ಮುಂದೆ ಗಂಭೀರ ಸೂಚನೆಗಳಿಗೂ ಅದನ್ನೇ ಬಳಸಿದ್ದರಿಂದ ಪಾಪ, ಆ ಫಾಂಟಿಗೆ ಕೆಟ್ಟ ಹೆಸರು ಬಂತೆಂದು ನನ್ನ ಅಭಿಪ್ರಾಯ.

ಫಾಂಟ್‌ ಸಿಕ್ಕ ಮೇಲೆ ಅದರ ಮಾದರಿ ವಾಕ್ಯವನ್ನು ನೆಚ್ಚಿಕೊಳ್ಳದೆ ನಿಮ್ಮದೇ ಸಾಲನ್ನು ಟೈಪ್‌ ಮಾಡಿ. ‘ನೆನಪಿನ’ ಎಂಬ ಪದವನ್ನೇ ನೋಡಿ: ಅದರ ಎರಡು ‘ನ’ಗಳೂ ತಲೆಕಟ್ಟಿನ ಓರೆಯಿಂದ ಬಾಲದ ತುದಿಯವರೆಗೆ ಅಚ್ಚೊತ್ತಿದಂತೆ ಒಂದೇ ಆಗಿದ್ದರೆ ಕೈಬರಹದ ಭ್ರಮೆ ಅಲ್ಲಿಗೇ ಒಡೆಯುತ್ತದೆ, ಏಕೆಂದರೆ ಯಾರ ಕೈಯೂ ಒಂದಕ್ಷರವನ್ನು ಎರಡು ಸಲ ಕೂದಲೆಳೆಯ ವ್ಯತ್ಯಾಸವೂ ಇಲ್ಲದೆ ಬರೆಯುವುದಿಲ್ಲ. ಓಪನ್‌ಟೈಪ್‌ ಎಂಬ ಮಾದರಿಯ ಫಾಂಟ್‌ನಲ್ಲಿ ಒಂದೇ ಅಕ್ಷರಕ್ಕೆ ಹಲವು ಪರ್ಯಾಯ ರೂಪಗಳನ್ನಿಟ್ಟು, ಅಕ್ಕಪಕ್ಕದ ಅಕ್ಷರಗಳಿಗೆ ತಕ್ಕಂತೆ ಅವು ತಾವಾಗಿಯೇ ಬದಲಾಗುವಂತೆ ಮಾಡಲು ಸಾಧ್ಯವಿದೆ. ಆ ಸೌಲಭ್ಯ ಇದ್ದರೆ ಚಾಲೂ ಮಾಡಿಕೊಳ್ಳಿ. ಇಲ್ಲವಾದರೆ ವಿನ್ಯಾಸದ ತಂತ್ರಾಂಶದಲ್ಲಿ ಶೀರ್ಷಿಕೆಯನ್ನು ಔಟ್‌ಲೈನ್‌ಗೆ, ಅಂದರೆ ತಿದ್ದಬಹುದಾದ ಚಿತ್ರರೇಖೆಗಳಿಗೆ ಪರಿವರ್ತಿಸಿ, ಒಂದು ‘ನ’ವನ್ನು ಒಂದೆರಡು ಡಿಗ್ರಿ ತಿರುಗಿಸಿ, ಅದರ ಬಾಲವನ್ನು ತುಸು ಎಳೆಯಿರಿ. ನಾಲ್ಕೈದು ಪದಗಳಿಗೆ ಈ ಶ್ರಮ ಸಾರ್ಥಕ, ಪುಟಗಟ್ಟಲೆ ಬರಹಕ್ಕೆ ಅಸಾಧ್ಯ. ಈ ಫಾಂಟ್‌ಗಳನ್ನು ಶೀರ್ಷಿಕೆಗೆ, ಕಿರುಟಿಪ್ಪಣಿಗೆ ಮೀಸಲಿಡಿ ಎನ್ನಲು ಇದೂ ಒಂದು ಕಾರಣ.

ನಂತರ ‘ರಾಷ್ಟ್ರ’, ‘ಲಕ್ಷ್ಮೀ’ಯಂಥ ಪದಗಳನ್ನು ಎರಡು ಸಾಲುಗಳಲ್ಲಿ ಮೇಲೆ ಕೆಳಗೆ ಇಟ್ಟು ನೋಡಿ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವಂತಿದ್ದರೆ ಸಾಲಿನ ಅಂತರವನ್ನು ಅಕ್ಷರದ ಅಳತೆಯ ಒಂದೂವರೆ ಪಟ್ಟಿಗೆ ಏರಿಸಿ ನೋಡಬಹುದು. ಕೂಡುಬರಹದ ಇಂಗ್ಲಿಷ್‌ ಫಾಂಟ್‌ನಲ್ಲಿ ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದರೆ ಕೊಂಡಿಗಳು ಕಳಚುತ್ತವೆ, ಎಲ್ಲವನ್ನೂ ದೊಡ್ಡಕ್ಷರದಲ್ಲಿ ಬರೆದರೆ ಓದಲೇ ಆಗದು. ಫಾಂಟ್‌ಗೆ ದಪ್ಪ ರೂಪ ಇಲ್ಲದಿರುವಾಗ ಬೋಲ್ಡ್‌ ಗುಂಡಿ ಒತ್ತಿದರೆ ತಂತ್ರಾಂಶ ಗೆರೆಗಳನ್ನು ಸುಮ್ಮನೆ ಉಬ್ಬಿಸಿ ಅಕ್ಷರದ ಒಳಬಯಲನ್ನು ಮುಚ್ಚಿಬಿಡುತ್ತದೆ.

ಜೊತೆಗೆ ಸರಳವಾದ ಒಂದು ಪಠ್ಯ ಫಾಂಟ್‌ ಸಾಕು. ಎರಡು ಕೈಬರಹಗಳನ್ನು ಬೆರೆಸಬೇಡಿ. ಪರವಾನಗಿಯಲ್ಲಿ ‘ವೈಯಕ್ತಿಕ ಬಳಕೆಗೆ ಮಾತ್ರ’ ಎಂದಿದ್ದರೆ ವ್ಯಾಪಾರದ ಕೆಲಸಕ್ಕೆ ಅನುಮತಿ ಪಡೆಯಬೇಕು. ಎಸ್‌ಐಎಲ್‌ ಓಪನ್‌ ಫಾಂಟ್‌ ಲೈಸೆನ್ಸ್‌ ಎಂಬ ಮುಕ್ತ ಪರವಾನಗಿಯಡಿ ಇರುವ ಫಾಂಟ್‌ಗಳನ್ನು ಅಂಥ ವಿನ್ಯಾಸಕ್ಕೂ ಬಳಸಬಹುದು.

ಕೊನೆಗೆ ನಿಜವಾದ ಅಳತೆಯಲ್ಲೇ ಮುದ್ರಿಸಿ, ಮೊದಲು ನೋಡಿರದ ಒಬ್ಬರಿಗೆ ತೋಳಳತೆಯ ದೂರದಿಂದ ಗಟ್ಟಿಯಾಗಿ ಓದಲು ಹೇಳಿ. ಅವರು ತಡವರಿಸಿದ ಸಾಲನ್ನು ಪಠ್ಯ ಫಾಂಟ್‌ಗೆ ಬದಲಿಸಿ.